ಮೆತ್ತನೆ ತೊಗಲಿನ ಅಂಚು

ಬ್ಯಾಗು, ಪರ್ಸು ಮಾಡುವ ಕಾರಖಾನೆಗೆ ಹೊಸದಾಗಿ ಸೇರಿದವರನ್ನು ಅಂಚಿನ ಟೇಬಲ್ಲಿಗೆ ಕಳಿಸಿದರೆ ಅವರ ಮುಖ ಸಪ್ಪಗಾಗುತ್ತದೆ. ಎಲ್ಲರಿಗೂ ಹೊಲಿಗೆ ಮಷೀನಿನ ಮೇಲೆ ಕಣ್ಣು. ಕತ್ತರಿಸುವವನನ್ನು ಮಾಸ್ತರ ಎನ್ನುತ್ತಾರೆ, ಹೊಲಿಯುವವನನ್ನು ಕಾರೀಗರ ಎನ್ನುತ್ತಾರೆ. ಅಂಚು ಮಾಡುವವಳಿಗೆ ಅಂಥ ಹೆಸರೇನೂ ಇಲ್ಲ. ನನಗೂ ಮೊದಲ ದಿನ ಹಾಗೇ ಅನಿಸಿತ್ತು. ಆದರೆ ಧಾರಾವಿಯ ಒಂದು ಮಾಳಿಗೆ ಕಾರಖಾನೆಯಲ್ಲಿ ಕೂತವಳು ಮಲಾಡಿನ ಕಂಪನಿಯಲ್ಲಿ ರಿಟೈರ್ ಆಗಿ ಏಳುವವರೆಗೆ, ಎರಡು ಹೆರಿಗೆಯ ರಜೆ ಬಿಟ್ಟರೆ, ನಾನು ಮಾಡಿದ್ದು ಅದೊಂದೇ ಕೆಲಸ.

ಈಗ ಇದನ್ನು ಬರೆಯಲು ಕೂತಿದ್ದಕ್ಕೆ ಕಾರಣ ವಸುಧಾ ಮೇಡಂ. ಮಲಾಡಿನ ಕಂಪನಿಯಲ್ಲಿ ಮಾಲಿನ ಗುಣಮಟ್ಟ ನೋಡುತ್ತಿದ್ದವರು ಅವರು, ಈಗ ಹೊಸಬರಿಗೆ ಕೆಲಸ ಕಲಿಸುತ್ತಾರೆ. "ನೀವು ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗತ್ತೆ ಮಹಾದೇವಿ, ಬರೆದುಕೊಡಿ" ಎಂದರು. ನಾನು ಕಲಿತದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ. ಅಕ್ಷರ ದುಂಡಗಿವೆ, ಅಷ್ಟೇ. ಹಾಗಾಗಿ ನನಗೆ ಗೊತ್ತಿರುವುದನ್ನು ಗೊತ್ತಿರುವ ಹಾಗೆ ಬರೆಯುತ್ತೇನೆ. ಯಾವಾಗ ಪಗಾರ ಏರಿತು, ಯಾವಾಗ ಲೈನಿಗೆ ಇನ್‌ಚಾರ್ಜ್ ಆದೆ ಎಂಬುದರಿಂದ ಹೊಸಬರಾದ ನಿಮಗೆ ಉಪಯೋಗವಿಲ್ಲ. ಎಲ್ಲಿ ಕೆಡಿಸಿದೆ ಎನ್ನುವುದರಿಂದ ಆದೀತು.

ಮೊದಲು ತೊಗಲಿನ ವಿಷಯ. ಬೆಲ್ಟಿನ ತೊಗಲು ಗಟ್ಟಿ. ಕತ್ತರಿಸಿದ ಅಂಚಿಗೆ ನೀರು ಸವರಿ ಕಟ್ಟಿಗೆ ತುಂಡಿನಿಂದ ತಿಕ್ಕಿದರೆ ಅದು ತಾನಾಗಿ ಹೊಳೆಯುತ್ತದೆ. ಕುರಿಯ, ಆಡಿನ ಮೆತ್ತನೆ ತೊಗಲಿಗೆ ಆ ಗುಣವಿಲ್ಲ. ತಿಕ್ಕಿದರೆ ಮುದುಡುತ್ತದೆ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಎರಡೇ ದಾರಿ. ಅಂಚನ್ನು ಹಿಂದಿನಿಂದ ಬ್ಲೇಡಿನಲ್ಲಿ ಹೆರೆದು ಕಾಗದದಷ್ಟು ತೆಳುವಾಗಿಸಿ, ಅಂಟು ಸವರಿ, ಒಳಕ್ಕೆ ಮಡಚಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸುವುದು ಒಂದು. ಎರಡು ಪದರಗಳನ್ನು ಅಂಟಿಸಿ, ಸರಿಯಾಗಿ ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ, ಮೇಲೆ ಅಂಚಿನ ಬಣ್ಣವನ್ನು ಪದರ ಪದರವಾಗಿ ಕೂರಿಸುವುದು ಇನ್ನೊಂದು. ಹೇಳುವುದಕ್ಕೆ ಎರಡು ವಾಕ್ಯ. ನನ್ನ ಕೈಗೆ ಅದು ಹತ್ತುವುದಕ್ಕೆ ಎರಡು ಮಳೆಗಾಲ ಹಿಡಿಯಿತು.

ಕಲಿಸಿದವರು ಹುಸೇನ್ ಮಾಸ್ತರರು. ಕಲಬುರಗಿ ಕಡೆಯವರು. ನಮ್ಮದು ವಿಜಯಪುರದ ಕಡೆ ಎಂದು ತಿಳಿದ ಮೇಲೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಕಾರಖಾನೆಯೆಂದರೆ ಕಬ್ಬಿಣದ ಏಣಿ ಹತ್ತಿ ಹೋಗಬೇಕಾದ ತಗಡಿನ ಮಾಳಿಗೆ. ಎಂಟು ಜನ ಗಂಡಸರು, ಒಬ್ಬಳೇ ಹೆಂಗಸು ನಾನು. ಕಿಟಕಿಯ ಹತ್ತಿರದ ಜಾಗ ಕತ್ತರಿಸುವವರಿಗೆ ಮೀಸಲು. ಅದನ್ನು ಮಾಸ್ತರರು ನನಗೆ ಬಿಟ್ಟುಕೊಟ್ಟರು. ಹೆಂಗಸು ಎಂದು ದಯೆ ತೋರಿಸಿದರೇನೋ ಎಂದುಕೊಂಡಿದ್ದೆ. ಒಂದು ದಿನ ಕೇಳಿಯೂ ಕೇಳಿದೆ.

"ದಯಾ ಅಲ್ಲ ಬೇಟಿ, ಅಂಟಿನ ವಾಸನಿ" ಎಂದರು. "ಆ ಡಬ್ಬಿ ನಿನ್ನ ಮೂಗಿನ ಬುಡಕ ಇರ್ತದ. ನಾ ಮೂಲ್ಯಾಗ ಕುಂತು ಕೆಲಸಾ ಕಲ್ತೆ. ಈಗ ಅತ್ತರ ಹಚ್ಕೊಂಡ್ರೂ ವಾಸನಿ ಬರಂಗಿಲ್ಲ ನನಗ."

ಅವರ ಮೂಗು ಸತ್ತಿತ್ತು. ಊಟದ ಡಬ್ಬಿ ತೆರೆದು, ಹಳಸಿದೆಯೇ ನೋಡು ಎಂದು ನನ್ನ ಕಡೆ ಚಾಚುತ್ತಿದ್ದರು. ಇಂದು ನಿಮಗೆಲ್ಲ ನೀರಿನ ಅಂಟು ಕೊಡುತ್ತಾರೆ, ಫ್ಯಾನು ಇರುತ್ತದೆ. ಆದರೂ ಫ್ಯಾನು ಕೆಟ್ಟ ದಿನ ಸುಮ್ಮನೆ ಕೂರಬೇಡಿ. ಎದ್ದು ಹೇಳಿ.

ಮೂಲೆ ಮಡಚುವುದನ್ನು ಅವರು ಕಲಿಸಿದ ರೀತಿ ಹೀಗೆ: ತುಂಡು ಚೂರುಗಳನ್ನು ರಾಶಿ ಹಾಕಿ, ಬರೀ ದುಂಡು ಮೂಲೆಗಳನ್ನೇ ಮಡಚಲು ಹಚ್ಚಿದರು. ದುಂಡು ಮೂಲೆಯಲ್ಲಿ ತೊಗಲು ಜಾಸ್ತಿ, ಜಾಗ ಕಡಿಮೆ. ಹೆಚ್ಚಾದ ತೊಗಲನ್ನು ಆರಿಯ, ಅಂದರೆ ತೊಗಲು ಚುಚ್ಚುವ ದಬ್ಬಳದ, ಮೊನೆಯಿಂದ ಸಣ್ಣ ಸಣ್ಣ ನಿರಿಗೆಯಾಗಿ ಹಿಡಿಯಬೇಕು. ಸೀರೆಯ ನಿರಿಗೆಯ ಹಾಗೆ ಎಲ್ಲ ಒಂದೇ ಅಗಲ. ನನ್ನವು ಮೊದಲು ಕಡುಬಿನ ಅಂಚಿನಂತೆ ದಪ್ಪಗಾಗುತ್ತಿದ್ದವು. ಮಾಸ್ತರರು ಅದರ ಮೇಲೆ ಹೆಬ್ಬೆರಳು ಆಡಿಸಿ, ಏನೂ ಅನ್ನದೆ, ಪಕ್ಕಕ್ಕೆ ಎಸೆಯುತ್ತಿದ್ದರು. ಒಂದು ದಿನ ಎಸೆಯಲಿಲ್ಲ. ಅದೇ ಶಾಬಾಸ್‌ಗಿರಿ.

ನನ್ನ ಮೊದಲ ದೊಡ್ಡ ತಪ್ಪು ಮಳೆಗಾಲದಲ್ಲಿ ಆಯಿತು. ಹೆಂಗಸರ ಸಣ್ಣ ಪರ್ಸುಗಳು, ಕೆಂಪು ತೊಗಲು, ಕಪ್ಪು ಅಂಚು. ಜುಲೈ ತಿಂಗಳ ಮುಂಬಯಿಯಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಅಂಚಿನ ಬಣ್ಣ ಮೇಲೆ ಮೇಲೆ ಒಣಗಿದಂತೆ ಕಾಣುತ್ತಿತ್ತು. ಮಾಸ್ತರರು ಊರಿಗೆ ಹೋಗಿದ್ದರು, ಕಾರಖಾನೆಯ ಮಾಲೀಕ ಶೇಠ್ ಅವಸರ ಮಾಡುತ್ತಿದ್ದರು. ನಾನು ಪರ್ಸುಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿಸಿಬಿಟ್ಟೆ. ಮಾಸ್ತರರು ಬಂದ ದಿನ ಕಟ್ಟು ಬಿಚ್ಚಿದರೆ ಎಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಎಳೆದು ಬಿಡಿಸಿದರೆ ಒಂದರ ಬಣ್ಣ ಇನ್ನೊಂದರ ಮೈಗೆ ಹತ್ತುತ್ತಿತ್ತು, ಕೆಂಪು ಮೇಲ್ಪದರವೇ ಸುಲಿದು ಬರುತ್ತಿತ್ತು.

ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ನಿಂತಿದ್ದೆ. ಮಾಸ್ತರರು ನೆಲದ ಮೇಲೆ ಕೂತು, ಒಂದೊಂದನ್ನೇ ನನ್ನ ಕೈಯಿಂದ ಬಿಡಿಸಿ ಇಡಿಸಿದರು. ಸುಲಿಯುವ ಆ ಸಪ್ಪಳ ಕೇಳುತ್ತ ಮಧ್ಯಾಹ್ನವೆಲ್ಲ ಕೂತೆ. ಎಲ್ಲ ಮುಗಿದ ಮೇಲೆ ಹಸಿ ಬಣ್ಣ ಹಚ್ಚಿದ ಒಂದು ತುಂಡನ್ನೂ ಒಣಗಿದ ಒಂದು ತುಂಡನ್ನೂ ತಂದರು.

"ಬೆರಳ ತುದಿ ಸುಳ್ಳು ಹೇಳ್ತದ, ಗಟ್ಟಿ ಆಗಿರ್ತದ. ಕೆಳಗಿನ ತುಟಿಗಿ ಹಿಡಿದು ನೋಡು."

ಹಸಿಯದು ತುಟಿಗೆ ತಣ್ಣಗೆ ತಾಗಿತು, ಒಣಗಿದ್ದು ಬೆಚ್ಚಗೆ. ಅವತ್ತಿನಿಂದ ನನಗೆ ಆ ಅಭ್ಯಾಸ ಹತ್ತಿತು. ಸುಲಿದ ಪರ್ಸುಗಳಲ್ಲಿ ಒಂದನ್ನು ಮಾಸ್ತರರ ಹೆಂಡತಿ ಅಡಕೆ ಎಲೆ ಇಟ್ಟುಕೊಳ್ಳಲು ಇಸಿದುಕೊಂಡರು. ಉಳಿದವು ಏನಾದವೋ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹುಸೇನ್ ಮಾಸ್ತರರು ಕಣ್ಣಿಗೆ ಪೊರೆ ಬಂದು ಕೆಲಸ ಬಿಟ್ಟರು. ಕೆಲ ವರ್ಷಗಳಲ್ಲಿ ಆ ಮಾಳಿಗೆಯೂ ಮುಚ್ಚಿತು. ನಾನು ಮಲಾಡಿನ ಕಂಪನಿಗೆ ಸೇರಿದೆ. ದಿನವೂ ಮಾಹೀಮಿನಲ್ಲಿ ಲೋಕಲ್ ಹಿಡಿದು ಹೋಗಿಬರುವುದು. ಅಲ್ಲಿ ಟ್ಯೂಬ್‌ಲೈಟು, ಏಪ್ರನ್ನು, ಸಹಿ ಮಾಡಬೇಕಾದ ಕಾಗದ. ನಾಲ್ಕು ಟೇಬಲ್ಲುಗಳ ಅಂಚಿನ ಲೈನನ್ನು ನನ್ನ ಕೈಗೆ ಕೊಟ್ಟರು. ಮೇಲೆ ವಸುಧಾ ಮೇಡಂ. ಮೈಸೂರಿನವರು, ಚರ್ಮದ ವಿಷಯವನ್ನೇ ಓದಿ ಬಂದವರು, ನನಗಿಂತ ಹದಿನೈದು ವರ್ಷ ಚಿಕ್ಕವರು. ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ ತೂಗುತ್ತಿತ್ತು. ಮೊದಲ ವಾರವೇ ಪೆನ್ನು ಹಿಡಿದು ನನ್ನ ಪಕ್ಕದಲ್ಲಿ ನಿಂತರು.

"ಒಂದು ಕೋಟ್ ಆದ್ಮೇಲೆ ಇನ್ನೊಂದಕ್ಕೆ ಎಷ್ಟು ನಿಮಿಷ ಬಿಡ್ತೀರಿ?"

"ಒಣಗೂತನಕರೀ."

"ಅದೇ, ಎಷ್ಟು ನಿಮಿಷ?"

"ಅದು ದಿನದ ಮ್ಯಾಲೆ ಐತ್ರಿ ಮೇಡಂ. ಇವತ್ತು ಗಾಳಿ ಐತಿ."

"ಒಣಗಿದೆ ಅಂತ ಹೇಗೆ ಗೊತ್ತಾಗತ್ತೆ?"

ನಾನು ತೋರಿಸಿದೆ. ಅವರು ನನ್ನ ಕೈಯಿಂದ ತುಂಡನ್ನು ಕಿತ್ತುಕೊಂಡರು. "ಬಣ್ಣಾನ ತುಟಿಗೆ ಇಡ್ತೀರಾ? ಇದರಲ್ಲಿ ಏನೇನು ಇದೆ ಗೊತ್ತೇನ್ರೀ ನಿಮಗೆ?"

ಗೊತ್ತಿರಲಿಲ್ಲ. ಅವರು ಡಬ್ಬಿಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳಿದರು. ಅವತ್ತೇ ಲೈನಿನಲ್ಲಿ ತುಟಿಗೆ ಹಿಡಿಯುವುದನ್ನು ನಿಲ್ಲಿಸಿದರು. ನಾನು ಅವರ ಬೆನ್ನ ಹಿಂದೆ ಹಿಡಿಯುತ್ತಲೇ ಇದ್ದೆ, ಒಪ್ಪಿಕೊಳ್ಳುತ್ತೇನೆ. ನೀವು ಹಿಡಿಯಬೇಡಿ. ಮುಂಗೈಯ ಒಳಭಾಗವೂ ಸಾಕು.

ಒಂದು ವಿಷಯದಲ್ಲಿ ಮಾತ್ರ ಅವರು ನನ್ನ ಮಾತು ಕೇಳಿದರು. ಹುಸೇನ್ ಮಾಸ್ತರರು ಪ್ರತಿ ಪದರ ಬಣ್ಣವಾದ ಮೇಲೆ ಬಿಸಿ ಕಬ್ಬಿಣದ ಕಡ್ಡಿಯನ್ನು ಅಂಚಿನ ಮೇಲೆ ಆಡಿಸುತ್ತಿದ್ದರು. ಬಣ್ಣ ಒತ್ತಿ ಕೂರುತ್ತದೆ, ಗಾಜಿನಂತೆ ನಯವಾಗುತ್ತದೆ. ಮಲಾಡಿನಲ್ಲಿ ಕರೆಂಟಿನ ಕಡ್ಡಿ ಇತ್ತು. ನಾನು ಮಾಡಿ ತೋರಿಸಿದೆ. ಮೇಡಂ ಭೂತಗನ್ನಡಿ ಹಿಡಿದು ನೋಡಿ, "ಚೆನ್ನಾಗಿದೆ" ಎಂದು ಕೆಲಸದ ಕ್ರಮವನ್ನು ಬರೆದಿಟ್ಟ ಕಾಗದದಲ್ಲಿ ಅದನ್ನೂ ಸೇರಿಸಿ ಸಹಿ ಹಾಕಿದರು. ಗುರುವಿನ ಕೆಲಸವನ್ನು ಕಂಪನಿಯ ಕಾಗದದಲ್ಲಿ ನೋಡಿ ನನಗೆ ಒಳಗೊಳಗೇ ಹಿಗ್ಗು.

ಆಮೇಲೆ ಕಂಪನಿ ಹಳೆಯ ಬಣ್ಣವನ್ನು ಬಿಟ್ಟು ನೀರಿನ ಬಣ್ಣಕ್ಕೆ ಬದಲಾಯಿತು. ವಾಸನೆ ಹೋಯಿತು, ಕೈ ಉರಿಯುವುದು ನಿಂತಿತು. ಡಬ್ಬಿ ಬದಲಾಯಿತು ಎಂದಷ್ಟೇ ನಾವು ತಿಳಿದೆವು. ಮಾಡುವ ಕ್ರಮ ಹಾಗೇ ಉಳಿಯಿತು.

ನನ್ನ ಲೈನಿನಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಹುಡುಗಿಯೆಂದರೆ ಒಂದು ಮಗುವಿನ ತಾಯಿ, ಇಪ್ಪತ್ತೈದರ ಆಸುಪಾಸು. ಅಪ್ಪ ಅಮ್ಮ ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಇವಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ನಡುನಡುವೆ ಹಿಂದಿ ನುಸುಳಿ ಕನ್ನಡ ತಡವರಿಸುತ್ತಿತ್ತು, ಕೈ ತಡವರಿಸುತ್ತಿರಲಿಲ್ಲ. ಹೇಳಿಕೊಟ್ಟದ್ದನ್ನು ಒಂದು ಕೂದಲು ಅತ್ತಿತ್ತ ಆಗದಂತೆ ಮಾಡುವವಳು. ಅವಳನ್ನು ಕಾಯಂ ಮಾಡುವ ಮಾತು ನಡೆದಿತ್ತು.

ಆ ಹೊತ್ತಿಗೆ ಹೊರದೇಶಕ್ಕೆ ಹೋಗಬೇಕಾದ ಹ್ಯಾಂಡ್‌ಬ್ಯಾಗುಗಳು ಪ್ಯಾಕಿಂಗಿನಿಂದ ವಾಪಸು ಬಂದವು. ಹಿಡಿಕೆ ಬಗ್ಗಿಸಿದರೆ ಅಂಚಿನ ಬಣ್ಣ ಒಣ ಕೆಸರಿನ ಹಾಗೆ ಬಿರಿಯುತ್ತಿತ್ತು. ಪ್ರತಿ ಬ್ಯಾಗಿನ ಒಳಗೆ ಯಾವ ಟೇಬಲ್ಲಿನ ಕೆಲಸ ಎಂಬ ಚೀಟಿ ಇರುತ್ತದೆ. ಬಿರಿದವುಗಳಲ್ಲಿ ಹೆಚ್ಚಿನವು ರೇಣುಕಾಳ ಟೇಬಲ್ಲಿನವು. ಮ್ಯಾನೇಜರ್ ಸಾಹೇಬರು ನನ್ನ ಮುಂದೆಯೇ ಅವಳಿಗೆ, ನಾಳೆಯಿಂದ ಬರಬೇಡ, ವಿಚಾರ ಮಾಡಿ ತಿಳಿಸುತ್ತೇವೆ ಎಂದರು.

ಅವಳು ಏಪ್ರನ್ ಬಿಚ್ಚುತ್ತ ನನ್ನ ಕಡೆ ನೋಡಿದಳು. "ಅಕ್ಕಾ, ನೀವು ಸಿಖಾಯಾ ಹಂಗೇ ನಾನು ಮಾಡ್ದೆ. ಶಾರ್ಟ್‌ಕಟ್ ನಾನು ಕಭೀ ಮಾಡಿಲ್ಲ. ನೀವು ಹೇಳ್ರಿ ಅವರಿಗೆ."

"ಹೇಳ್ತೀನವಾ, ನೀ ಮನಿಗೆ ಹೋಗು" ಎಂದೆ. ನನಗೂ ಅವಳ ಮೇಲೆ ಸಂಶಯ ಇತ್ತು. ಮಗುವಿಗೆ ಹುಷಾರಿಲ್ಲವೆಂದು ಆ ವಾರ ಅವಸರ ಮಾಡಿರಬಹುದು ಎಂದುಕೊಂಡೆ.

ಊಟದ ಹೊತ್ತಿಗೆ ಅವಳು ಮಾಡಿದ ಒಂದು ಹಿಡಿಕೆಯನ್ನು ತೆಗೆದುಕೊಂಡು ಬ್ಲೇಡಿನಿಂದ ಅಡ್ಡ ಸೀಳಿದೆ. ಮೇಲೆ ಮೊಟ್ಟೆಯ ಸಿಪ್ಪೆಯಂಥ ಗಟ್ಟಿ ಪದರ. ಅದರ ಕೆಳಗೆ ಬಣ್ಣ ಇನ್ನೂ ಅಂಟಂಟು, ಉಗುರಿಗೆ ಹತ್ತುವಂತಿತ್ತು. ಬೇರೆ ಟೇಬಲ್ಲಿನ ಹಿಡಿಕೆಗಳನ್ನು ಸೀಳಿದೆ. ಅವುಗಳಲ್ಲಿ ಕೆಲವು ಒಳಗಿನವರೆಗೂ ಒಣಗಿದ್ದವು. ಅವನ್ನು ಮಾಡಿದವಳನ್ನು ಕರೆದು ಕೇಳಿದೆ. ಅವಳು ಹಿಂದೆ ಮುಂದೆ ನೋಡಿ ಬಾಯಿ ಬಿಟ್ಟಳು: ಕೈ ನೋಯುತ್ತದೆಂದು ಅವಳು ಪ್ರತಿ ಪದರಕ್ಕೂ ಬಿಸಿ ಕಡ್ಡಿ ಆಡಿಸುತ್ತಿರಲಿಲ್ಲ, ಕೊನೆಗೊಮ್ಮೆ ಮಾತ್ರ.

ನೀರಿನ ಬಣ್ಣಕ್ಕೆ ಹಸಿ ಇದ್ದಾಗಲೇ ಬಿಸಿ ತಾಗಿಸಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗಿನ ನೀರಿಗೆ ಹೋಗಲು ದಾರಿ ಇರುವುದಿಲ್ಲ. ತುಟಿಗೆ ಹಿಡಿದರೆ ಕಡ್ಡಿಯ ಬಿಸಿಗೆ ಬೆಚ್ಚಗೇ ಇರುತ್ತದೆ, ಒಣಗಿದೆ ಎನಿಸುತ್ತದೆ. ನನ್ನ ಮಾತನ್ನು ಮೀರಿದವಳ ಕೆಲಸ ಉಳಿದಿತ್ತು. ಚಾಚೂ ತಪ್ಪದೆ ಪಾಲಿಸಿದವಳ ಕೆಲಸ ಬಿರಿದಿತ್ತು.

ಆಗಲೇ ಹೋಗಿ ಹೇಳಬೇಕಿತ್ತು. ನಾನು ಹೇಳಲಿಲ್ಲ. ಎರಡು ಹೊಸ ಹಿಡಿಕೆ ತೆಗೆದುಕೊಂಡು, ಒಂದಕ್ಕೆ ಕಡ್ಡಿ ಆಡಿಸಿ, ಇನ್ನೊಂದಕ್ಕೆ ಆಡಿಸದೆ ಬಣ್ಣ ಹಚ್ಚಿ, ಮರುದಿನದವರೆಗೆ ಇಟ್ಟೆ. ಪರೀಕ್ಷೆ ಮಾಡುವುದು ಸರಿಯೇ. ಆದರೆ ಮನಸ್ಸಿನಲ್ಲಿ ಇದ್ದದ್ದು ಬೇರೆ, ಎರಡೂ ಬಿರಿಯಲಿ, ತಪ್ಪು ಡಬ್ಬಿಯದ್ದಾಗಲಿ, ನನ್ನದೂ ಮಾಸ್ತರರದ್ದೂ ಆಗದಿರಲಿ ಎಂಬ ಆಸೆ.

ಮರುದಿನ ಮಧ್ಯಾಹ್ನ ಬಗ್ಗಿಸಿದೆ. ಕಡ್ಡಿ ಆಡಿಸಿದ್ದು ಬಿರಿಯಿತು. ಇನ್ನೊಂದು ಬಗ್ಗಿತು, ಮತ್ತೆ ನೆಟ್ಟಗಾಯಿತು.

ಎರಡನ್ನೂ ಹಿಡಿದು ವಸುಧಾ ಮೇಡಮ್ಮರ ಟೇಬಲ್ಲಿಗೆ ಹೋದೆ. "ರೇಣುಕಾಂದ ತಪ್ಪಿಲ್ರೀ ಮೇಡಂ. ಕಲಿಸಿದಾಕಿ ನಾನು. ನಾನೇ ಕೆಡಿಸೀನಿ" ಎಂದೆ. ಅವರು ಎರಡನ್ನೂ ಬಗ್ಗಿಸಿ ನೋಡಿದರು, ಸೀಳಿ ನೋಡಿದರು. ಆಮೇಲೆ ಕಡತದಿಂದ ಆ ಕಾಗದ ಹೊರತೆಗೆದು ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಬಣ್ಣ ಬದಲಾದಾಗ ಇದನ್ನ ಮತ್ತೆ ಪರೀಕ್ಷೆ ಮಾಡಬೇಕಾಗಿದ್ದಿದ್ದು ನಾನು. ಬನ್ನಿ, ಇಬ್ಬರೂ ಹೋಗೋಣ."

ಮ್ಯಾನೇಜರ್ ಸಾಹೇಬರು ಕೂಗಾಡುವವರಲ್ಲ. ಕೇಳಿಸಿಕೊಂಡರು, ರೇಣುಕಾಳಿಗೆ ಫೋನ್ ಮಾಡಿಸಿದರು, ಮೇಡಮ್ಮರಿಂದ ತಪ್ಪೊಪ್ಪಿಗೆಯ ಕಾಗದ ಬರೆಸಿಕೊಂಡರು, ಲೈನನ್ನು ನನ್ನ ಕೈಯಿಂದ ತೆಗೆದರು. ನಾನು ಮತ್ತೆ ಟೇಬಲ್ಲಿಗೆ ಕೂತೆ. ಅಷ್ಟೂ ಬ್ಯಾಗುಗಳ ಅಂಚನ್ನು ಉಜ್ಜಿ ತೆಗೆದು ಹೊಸದಾಗಿ ಕಟ್ಟಬೇಕಿತ್ತು. ಬ್ಯಾಗಿನ ಮೈಗೆ ಕಾಗದ ಅಂಟಿಸಿಕೊಂಡು, ಗೀರು ಬೀಳದಂತೆ ಅಂಚನ್ನಷ್ಟೇ ಉಜ್ಜುವುದು. ಮೂರು ವಾರ ಬೆರಳ ತುದಿಯ ಗೆರೆಗಳು ಸವೆದು, ಕಂಪನಿಯ ಹಾಜರಿ ಯಂತ್ರ ನನ್ನ ಹೆಬ್ಬೆಟ್ಟನ್ನು ಗುರುತು ಹಿಡಿಯುತ್ತಿರಲಿಲ್ಲ.

ರೇಣುಕಾ ಪಕ್ಕದ ಟೇಬಲ್ಲಿನಲ್ಲೇ ಉಜ್ಜುತ್ತಿದ್ದಳು. ನನ್ನೊಡನೆ ಮಾತಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ ತಲೆ ಎತ್ತದೆ ಕೇಳಿದಳು.

"ಅಕ್ಕಾ, ನಿಮಗೆ ಪೈಲೇ ದಿನ ಪತಾ ಆಗಿತ್ತಲ್ಲ. ಏಕ್ ದಿನ ಯಾಕೆ ವೇಟ್ ಮಾಡಿದ್ರಿ?"

ಯಾರು ಹೇಳಿದ್ದರೋ ಗೊತ್ತಿಲ್ಲ. ಸುಳ್ಳು ಹೇಳಬಹುದಿತ್ತು. "ಅಂಜಿದ್ದೆನವಾ" ಎಂದೆ.

"ಆ ದಿನ ಪೂರಾ ನಾನು ಬಚ್ಚೀನ ತೊಡಿ ಮ್ಯಾಲೆ ಹಾಕ್ಕೊಂಡು ಅಳ್ತಾ ಕೂತಿದ್ದೆ" ಎಂದಳು ಅವಳು. ನಾನು ಉಜ್ಜುತ್ತಲೇ ಇದ್ದೆ. ಮಾತು ಮೆಲ್ಲಗೆ ಮೊದಲಿನಂತಾಯಿತು, ತಿಂಗಳುಗಳೇ ಹಿಡಿದವು. ಈಗ ಆ ಲೈನು ಅವಳದು. ಹೊಸ ಡಬ್ಬಿ ಬಂದರೆ ಮೊದಲು ಒಂದು ಚೂರಿಗೆ ಹಚ್ಚಿ, ಬಗ್ಗಿಸಿ ನೋಡಿಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಾಳಂತೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಇದು ಕಂಪನಿಯ ಕೆಲಸವಲ್ಲ, ಬ್ಯಾಗೂ ಅಲ್ಲ. ರಿಟೈರ್ ಆಗುವ ಹಿಂದಿನ ವರ್ಷದ ಮಾತು.

ನಾನು ಹೋಗುವ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಕಸ್ತೂರಿ ಎಂಬುವಳು ಇರುತ್ತಿದ್ದಳು. ದಾದರಿನ ಮಾರ್ಕೆಟ್ಟಿನಲ್ಲಿ ಹೂ ತೆಗೆದುಕೊಂಡು ಮಲಾಡ್ ಸ್ಟೇಷನ್ನಿನ ಹೊರಗೆ ಕೂತು ಮಾಲೆ ಕಟ್ಟಿ ಮಾರುವವಳು. ಇಂಡಿ ತಾಲೂಕಿನವಳು, ಹಾಗಾಗಿ ನಮ್ಮದು ಊರ ಮಾತಿನ ಗೆಳೆತನ. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಕೃತಕ ಕಾಲು ಹಾಕಿದ್ದರು. ಅದು ಜಾರದಂತೆ ತೊಡೆಗೆ ಸುತ್ತಿ ಲಾಡಿಯಿಂದ ಬಿಗಿಯುವ ಅಗಲವಾದ ತೊಗಲಿನ ಪಟ್ಟಿ ಇರುತ್ತದೆ. ಒಂದು ದಿನ ಡಬ್ಬಿಯಲ್ಲಿ ಅವಳು ಕೂರಲಿಲ್ಲ. ಜಾಗ ಬಿಟ್ಟುಕೊಟ್ಟರೂ ಬೇಡವೆಂದಳು.

"ಯಾಕ ಕಸ್ತೂರಿ?"

"ಕುಂತ್ರ ಪಟ್ಟಿ ಕಡೀತೈತಕ್ಕ. ಕಡ್ಯೂದು ನನಗ ಛಂದಗೆ ತಿಳಿಯೂದೂ ಇಲ್ಲ. ಮನ್ಯಾಗ ಬಿಚ್ಚಿ ನೋಡಿದ್ರ ಕೆಂಪಗ ಬರಿ ಬಿದ್ದಿರ್ತೈತಿ. ಡಾಕ್ಟರು ಹೇಳ್ಯಾರ, ಇನ್ನೊಂದು ಹುಣ್ಣಾದ್ರ ಮೊಣಕಾಲ ಮ್ಯಾಲಿಂದ ತಗೀಬೇಕಾಕ್ಕೈತಿ ಅಂತ."

ಇದನ್ನು ಅವಳು ಮಲ್ಲಿಗೆಯ ಬೆಲೆ ಹೇಳುವ ಧ್ವನಿಯಲ್ಲೇ ಹೇಳಿದಳು.

ಮರುದಿನ ಮಲಾಡಿನಲ್ಲಿ ಇಳಿದು, ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ ಪಟ್ಟಿಯನ್ನು ಬಿಚ್ಚಿಸಿ ನೋಡಿದೆ. ಮಾಡಿದವರ ಅಳತೆಯಲ್ಲಿ ಕೊರತೆಯಿರಲಿಲ್ಲ. ಹೊರಗೆ ಗಟ್ಟಿ ತೊಗಲು, ಒಳಗೆ ಆಡಿನ ಮೆತ್ತನೆ ಅಸ್ತರಿ. ಎರಡನ್ನೂ ಸಮನಾಗಿ ಕತ್ತರಿಸಿ ಅಂಚಿಗೆ ಬಣ್ಣ ಹಚ್ಚಿದ್ದರು. ಬೆವರು ಕುಡಿದು ಕುಡಿದು ಆ ಬಣ್ಣ ಉಗುರಿನಷ್ಟು ಗಟ್ಟಿಯಾಗಿತ್ತು. ಸಕ್ಕರೆ ಕಾಯಿಲೆಯವರ ಚರ್ಮದಲ್ಲಿ ಹುಣ್ಣಾಗಲು ಅಷ್ಟು ಸಾಕು.

ವಸುಧಾ ಮೇಡಮ್ಮರನ್ನು ಕೇಳಿ ಅಸ್ತರಿಯ ಚೂರುಗಳನ್ನು ತಂದುಕೊಂಡೆ. ಕೆಲಸ ಸುಲಭವೆಂದೇ ತಿಳಿದಿದ್ದೆ. ಭಾನುವಾರ ಬಣ್ಣ ಉಜ್ಜಿ ತೆಗೆದು, ಮೆತ್ತನೆ ತೊಗಲಿನ ಪಟ್ಟಿಯನ್ನು ಅಂಚಿನ ಸುತ್ತ ಮಡಚಿ ಹೊಲಿದೆ. ನೋಡಲು ಚಂದವಾಗಿತ್ತು. ನಾಲ್ಕು ದಿನದ ಮೇಲೆ ಕಸ್ತೂರಿ, ಬರೆ ಈಗ ಎರಡು ಸಾಲು ಬೀಳುತ್ತಿದೆ ಎಂದಳು. ಒಂದು ಅಂಚಿನದು, ಒಂದು ನನ್ನ ಹೊಲಿಗೆಯದು.

ಹೊಲಿಗೆ ಬಿಚ್ಚಿದೆ. ಈ ಸಲ ಅಸ್ತರಿಯನ್ನೇ ತೆಳುವಾಗಿ ಹೆರೆದು ಹೊರಕ್ಕೆ ಮಡಚಿ ಅಂಟಿಸಿದೆ. ಆದರೂ ಬರೆ ಬಿತ್ತು. ಎಲ್ಲಿ ಒತ್ತುತ್ತದೆಂದು ಅವಳಿಗೆ ಸರಿಯಾಗಿ ಹೇಳಲು ಬರುವುದಿಲ್ಲ, ಸ್ಪರ್ಶ ಮಂದ. ಏನು ಮಾಡುವುದೆಂದು ತೋಚದೆ ಎರಡು ದಿನ ಕಳೆದೆ. ಆಮೇಲೆ ಕುಂಕುಮ ನೆನಪಾಯಿತು. ಕಸ್ತೂರಿ ತೊಡೆಗೆ ಪಟ್ಟಿಯ ಒಳಗೆ ಬಿಳಿ ಕಾಲುಚೀಲದಂಥದ್ದನ್ನು ಹಾಕಿಕೊಳ್ಳುತ್ತಾಳೆ. ಒತ್ತಿದಲ್ಲಿ ಬಟ್ಟೆಗೆ ಬಣ್ಣ ಹತ್ತಲಿ ಎಂದು ಅಂಚಿನ ಉದ್ದಕ್ಕೂ ಒಣ ಕುಂಕುಮ ತೆಳ್ಳಗೆ ಸವರಿ ಕಳಿಸಿದೆ. ಸಂಜೆ ಬಿಚ್ಚಿದರೆ ಬಿಳಿ ಬಟ್ಟೆಯ ಮೇಲೆ ಮುಂದುಗಡೆ ಏನೂ ಇಲ್ಲ. ಹಿಂದುಗಡೆ ಮಾತ್ರ ಅಂಗೈ ಅಗಲದಷ್ಟು ಗಾಢ ಕೆಂಪು.

ಊಟದ ಬಿಡುವಿನಲ್ಲಿ ಸ್ಟೇಷನ್ನಿನ ಹೊರಗೆ ಹೋಗಿ ಅವಳ ಎದುರಿಗೆ ನಿಂತು ನೋಡಿದೆ. ಬುಟ್ಟಿಯನ್ನು ತೊಡೆಗೆ ಒತ್ತಿಕೊಂಡು ಗೋಣಿಯ ಮೇಲೆ ನೆಲಕ್ಕೇ ಕೂತಿದ್ದಳು, ಬೆಳಗಿನಿಂದ ಸಂಜೆಯವರೆಗೆ. ಅಳತೆ ತೆಗೆದಾಗ ಅವಳನ್ನು ನಿಲ್ಲಿಸಿದ್ದರು. ನಿಂತ ಕಸ್ತೂರಿಗೆ ಆ ಪಟ್ಟಿ ಸರಿಯಾಗಿತ್ತು. ನೆಲಕ್ಕೆ ಕೂತ ಕಸ್ತೂರಿಯ ತೊಡೆ ಬೇರೆ.

ಹಿಂದಿನ ಭಾಗವನ್ನು ತಗ್ಗಿಸಿ ಕತ್ತರಿಸಬೇಕು. ಕತ್ತರಿ ಕೈಯಲ್ಲಿತ್ತು, ಧೈರ್ಯ ಇರಲಿಲ್ಲ. ಬ್ಯಾಗು ಕೆಟ್ಟರೆ ಇನ್ನೊಂದು ಬ್ಯಾಗು ಆಗುತ್ತದೆ. ಇದು ಹಿಡಿತ ತಪ್ಪಿದರೆ ಅವಳು ಪ್ಲಾಟ್‌ಫಾರ್ಮಿನ ಮೆಟ್ಟಿಲಲ್ಲಿ ಬೀಳುತ್ತಾಳೆ. ರಜೆ ಹಾಕಿ ಅವಳ ಜೊತೆ ಆಸ್ಪತ್ರೆಗೆ ಹೋದೆ. ಕಾಲು ಜೋಡಿಸುವ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು. ಕುಂಕುಮದ ಬಟ್ಟೆ ತೋರಿಸಿದಾಗ ಎರಡು ಸಲ ತಿರುಗಿಸಿ ನೋಡಿದರು. ಅವಳನ್ನು ನೆಲಕ್ಕೆ ಕೂರಿಸಿ, ತಾವೂ ಕೂತು, ಪೆನ್ನಿನಿಂದ ಪಟ್ಟಿಯ ಮೇಲೆ ಒಂದು ಗೆರೆ ಎಳೆದರು. ಇಷ್ಟರವರೆಗೆ ತೆಗೆಯಬಹುದು, ಇದಕ್ಕಿಂತ ಒಂದು ನೂಲೂ ಹೆಚ್ಚು ಬೇಡ ಎಂದರು ಹಿಂದಿಯಲ್ಲಿ.

ಹೊರಗಿನ ಗಟ್ಟಿ ತೊಗಲನ್ನು ಆ ಗೆರೆಯವರೆಗೆ ಕತ್ತರಿಸಿದೆ. ಒಳಗಿನ ಅಸ್ತರಿಯನ್ನು ಕತ್ತರಿಸದೆ ಎರಡು ಬೆರಳಗಲ ಹೊರಗೆ ಬಿಟ್ಟೆ. ಅದನ್ನು ಬ್ಲೇಡಿನಲ್ಲಿ ಹೆರೆಯುತ್ತ ಹೋದೆ, ಗಟ್ಟಿ ತೊಗಲಿನ ಹತ್ತಿರ ದಪ್ಪ, ತುದಿಗೆ ಹೋದಂತೆ ಈರುಳ್ಳಿಯ ಪೊರೆಯಷ್ಟು ತೆಳು. ಒಂದು ದಿನದ ಕೆಲಸ. ಒಂದು ಕಡೆ ಬ್ಲೇಡು ತೂರಿ ತೂತಾಗಿ, ಮೊದಲಿನಿಂದ ಬೇರೆ ಅಸ್ತರಿ ಕೂರಿಸಿದೆ. ಎಲ್ಲ ಮುಗಿದು ಅಂಚಿಗೆ ಬಂದಾಗ, ರೂಢಿಯಂತೆ ಅಂಟಿನ ಡಬ್ಬಿ ಎತ್ತಿಕೊಂಡವಳು ಹಾಗೇ ಕೆಳಗಿಟ್ಟೆ. ಮಡಚಿದರೆ ದಿಬ್ಬ, ಹೊಲಿದರೆ ಸಾಲು, ಬಣ್ಣ ಹಚ್ಚಿದರೆ ಉಗುರು. ಬೇರೇನೂ ಮಾಡದೆ ಬಿಟ್ಟೆ. ಕತ್ತರಿಸಿದ ಅಂಚನ್ನು ಮುಚ್ಚುವುದೇ ಜೀವಮಾನದ ಕೆಲಸವಾಗಿದ್ದ ನನಗೆ ಅದನ್ನು ಬರಿದಾಗಿ ಬಿಟ್ಟು ಕೊಡುವಾಗ ಸಂಕೋಚವಾಯಿತು. ಹುಸೇನ್ ಮಾಸ್ತರರು ನೋಡಿದ್ದರೆ ಪಕ್ಕಕ್ಕೆ ಎಸೆಯುತ್ತಿದ್ದರೋ ಏನೋ.

"ಇದೇನಕ್ಕ, ಅರ್ಧಕ್ಕ ಬಿಟ್ಟಂಗ ಕಾಣತೈತಿ" ಎಂದಳು ಕಸ್ತೂರಿ.

"ಹಂಗ ಇರಲಿ. ಹಾಕ್ಕೊಂಡು ಕುಂತು ನೋಡು" ಎಂದೆ.

ಆ ತೆಳು ತುದಿ ಅವಳು ಕೂತಾಗ ತೊಡೆಯ ಜೊತೆಗೇ ಬಾಗಿತು, ಎದ್ದಾಗ ತಾನಾಗಿ ಹೊರಕ್ಕೆ ಹೊರಳಿತು. ಕುಂಕುಮ ಸವರಿ ಕಳಿಸಿದೆ. ಸಂಜೆ ಬಟ್ಟೆಯ ಮೇಲೆ ಅಲ್ಲಲ್ಲಿ ಗುಲಾಬಿ ಬಣ್ಣದ ಮಬ್ಬು, ಎಲ್ಲೂ ಗೆರೆಯಿಲ್ಲ. ಮೂರು ತಿಂಗಳ ಮೇಲೆ ಡಾಕ್ಟರರು ಚರ್ಮ ನೋಡಿ, ಈಗ ಕತ್ತರಿಸುವ ಮಾತಿಲ್ಲ ಎಂದರಂತೆ. ತೆಳು ತುದಿ ಆರು ತಿಂಗಳಿಗೊಮ್ಮೆ ಸವೆಯುತ್ತದೆ. ಬದಲಿಸಿ ಕೊಡುತ್ತೇನೆ. ರೇಣುಕಾಳಿಗೂ ಕಲಿಸಿದ್ದೇನೆ, ನನ್ನ ಕಣ್ಣು ಇನ್ನೆಷ್ಟು ದಿನವೋ.

ಕಳೆದ ತಿಂಗಳು ಮೇಡಮ್ಮರನ್ನು ಕಾಣಲು ಮಲಾಡಿಗೆ ಹೋದವಳು ಕಸ್ತೂರಿಯ ಹತ್ತಿರ ನಿಂತಿದ್ದೆ. ಸೇವಂತಿಗೆ ತುಟ್ಟಿಯಾದದ್ದನ್ನು ಹೇಳುತ್ತಿದ್ದಳು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಯಾರೋ ಗಾಡಿ ಬಂತು ಎಂದು ಕೂಗಿದರು. ಸ್ಟೇಷನ್ನಿನ ಹೊರಗೆ ಕೂತವರ ಬುಟ್ಟಿಗಳನ್ನು ಎತ್ತಿಕೊಂಡು ಹೋಗುವ ಮುನಿಸಿಪಾಲಿಟಿಯ ಗಾಡಿ. ಎಲ್ಲರೂ ಬುಟ್ಟಿ ಎತ್ತಿ ಓಡತೊಡಗಿದರು. ಕಾಲು ಹೋದ ಮೇಲೆ ಇಂಥ ಹೊತ್ತಿನಲ್ಲಿ ಅವಳಿಗೆ ಏಳುವುದೇ ಆಗುತ್ತಿರಲಿಲ್ಲ, ಎರಡು ಸಲ ಬುಟ್ಟಿ ಹೋಗಿತ್ತು. ಅವಳಿಗೆ ಕೈ ಕೊಡೋಣವೆಂದು ನನ್ನ ಚೀಲವನ್ನು ಹೆಗಲಿಗೆ ಏರಿಸಿಕೊಂಡು ತಿರುಗಿದರೆ ಗೋಣಿಯ ಮೇಲೆ ಯಾರೂ ಇಲ್ಲ. ನಾಲ್ಕು ಎಲೆ ಬಿದ್ದಿದ್ದವು.

"ಅಕ್ಕಾ" ಎಂದು ಸ್ಟೇಷನ್ನಿನ ಸೇತುವೆಯ ಕಂಬದ ಆಚೆಯಿಂದ ದನಿ ಬಂತು. ಕಸ್ತೂರಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ಇಣುಕುತ್ತಿದ್ದಳು. "ಅಲ್ಲೇ ಯಾಕ ನಿಂತೀರಿ? ಆ ಗೋಣಿ ಎತ್ಕೊಂಡು ಲಗೂನ ಬರ್ರಿ."

ನಾನು ಗೋಣಿ ಎತ್ತಿಕೊಂಡು ಓಡಿದೆ.